ಬಳೆಗೆ ಕೊಟ್ಟ ಉತ್ತರ

ನೆನೆದ ಅವರೆಕಾಳೊಂದು ಬೆರಳ ಸಂದಿಯಿಂದ ಚಿಮ್ಮಿ ಗೋಡೆಗೆ ಬಡಿದು ಎಲ್ಲೋ ಉರುಳಿತು. ರುದ್ರಮ್ಮ ಅದು ಹೋದ ದಿಕ್ಕನ್ನು ಒಮ್ಮೆ ನೋಡಿ, ಕೈಯಲ್ಲುಳಿದ ಸಿಪ್ಪೆಯನ್ನು ಮೊರದ ಮೂಲೆಗೆ ಹಾಕಿ, ಬೋಗುಣಿಯಿಂದ ಇನ್ನೊಂದು ಕಾಳು ತೆಗೆದುಕೊಂಡರು. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಮೊದಲಿನ ಸ್ನೇಹ ಇನ್ನೂ ಕೂಡಿಬಂದಿರಲಿಲ್ಲ. ಕೈಗೆ ಬಲ ಬರಲಿ ಎಂದು ಆಸ್ಪತ್ರೆಯವರು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಹಿಸುಕಿದರೆ ಏನು ಬಂತು, ಅವರೆಕಾಳು ಹಿತುಕಿದರೆ ಸಾರಾದರೂ ಆಗುತ್ತದೆ ಎಂದು ರುದ್ರಮ್ಮ ಚೆಂಡನ್ನು ಎದುರುಮನೆಯ ನಾಯಿಮರಿಗೆ ಕೊಟ್ಟುಬಿಟ್ಟಿದ್ದರು.

ಎದುರಿಗೆ ಕುಳಿತಿದ್ದ ಸೊಸೆ ದಾಕ್ಷಾಯಿಣಿ ಬೇಕೆಂದೇ ನಿಧಾನವಾಗಿ ಹಿತುಕುತ್ತಿದ್ದಳು. ಅತ್ತೆಯ ಬಟ್ಟಲಿನಲ್ಲಿ ಬೇಳೆ ಎಷ್ಟಿದೆಯೋ ತನ್ನದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಲಿ ಎಂದು.

“ನನ್ನ ಬಟ್ಲು ನೋಡ್ಕಂಡು ಕೈ ಓಡಿಸ್ಬೇಡ ಕಣೇ,” ಅಂದರು ರುದ್ರಮ್ಮ. “ಹಿಂಗೇ ಮಾಡ್ತಿದ್ರೆ ಸಂಕ್ರಾಂತಿ ಸಾರು ಶಿವರಾತ್ರಿಗೆ ಆಗುತ್ತೆ.”

ದಾಕ್ಷಾಯಿಣಿ ನಕ್ಕಳು. ನಗು ಮುಗಿಯುವ ಮೊದಲೇ ಅವಳ ಕಣ್ಣು ಬಾಗಿಲ ಹಿಂದಿನ ಮೊಳೆಗೆ ತಗುಲಿಸಿದ್ದ ಕೈಚೀಲದ ಕಡೆ ಹೋಯಿತು. ಚೀಲದ ಒಳಜೇಬಿನಲ್ಲಿ ಒಂದು ಕಾಗದವಿತ್ತು. ದೀಪಾವಳಿ ಕಳೆದ ಮೇಲೆ ಬರೆದದ್ದು, ಔಷಧ ಸುರಕ್ಷತಾ ಮಂಡಳಿಗೆ. ಬಸ್ ಪಾಸ್ ತೆಗೆಯುವಾಗಲೆಲ್ಲ ಅದರ ಅಂಚು ಬೆರಳಿಗೆ ತಾಗುತ್ತಿತ್ತು. ಸಕ್ಕರೆ ಕಾಯಿಲೆಗೆ ಕೊಡುವ ಹದ ಗುಳಿಗೆಯ ಜೊತೆಯ ಬಳೆ ಜನರನ್ನು ಕೇಳುವ ಪ್ರಶ್ನೆಯೇ ಅಪಾಯದ್ದು, ಅದನ್ನು ನಿಲ್ಲಿಸಿ ಎಂದು ಅದರಲ್ಲಿ ಬರೆದಿತ್ತು. ಕಾಗದದ ಜೊತೆ ತೊಂದರೆಗೊಳಗಾದ ರೋಗಿಯ ಒಪ್ಪಿಗೆಯ ಸಹಿ ಇರಬೇಕೆಂಬುದು ಮಂಡಳಿಯ ನಿಯಮ. ಆ ರೋಗಿ ರುದ್ರಮ್ಮನೇ. ಆ ಪ್ರಶ್ನೆಯನ್ನು ಹುಟ್ಟಿಸಿದವಳು ದಾಕ್ಷಾಯಿಣಿಯೇ.

ಅತ್ತೆಯ ಕೈ ಇನ್ನೂ ಪೆನ್ನು ಹಿಡಿಯುವಷ್ಟಾಗಿಲ್ಲ, ಆಗಲಿ, ಆಮೇಲೆ ಕೇಳೋಣ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಹೆಬ್ಬೆಟ್ಟು ಒತ್ತಿದರೂ ಸಾಕೆಂದು ಒಪ್ಪಿಗೆಯ ಹಾಳೆಯ ಕೆಳಗೇ ಅಚ್ಚಾಗಿತ್ತು. ಅದನ್ನೂ ಅವಳು ಓದಿದ್ದಳು.

ರುದ್ರಮ್ಮ ಕಾಳು ಕೆಳಗಿಟ್ಟು ಎದ್ದರು. ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ ಒಲೆಯ ತಿರುಪನ್ನು ಮುಟ್ಟಿ ನೋಡಿ ಬಂದರು. ಕೂತು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎದ್ದು ಹೋದರು. ಹೀಗೆ ಮಾಡುವುದು ಅವರಿಗೆ ಆಸ್ಪತ್ರೆಯಿಂದ ಬಂದಮೇಲೆ ಅಂಟಿಕೊಂಡ ಅಭ್ಯಾಸ. ಯಾಕೆಂದು ದಾಕ್ಷಾಯಿಣಿ ಕೇಳಿರಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು.

*

ತಿಪಟೂರಿನಲ್ಲಿ ಹಳೆಯ ಕೊಬ್ಬರಿ ಗೋದಾಮೊಂದರ ಮೇಲ್ಮಹಡಿಯಲ್ಲಿ ಹದ ಕೇಂದ್ರ ಇತ್ತು. ಎಷ್ಟು ಸಲ ಸುಣ್ಣ ಹೊಡೆದರೂ ಬಿಸಿಲೇರಿದ ಮೇಲೆ ಗೋಡೆಯಿಂದ ಕೊಬ್ಬರಿಯ ವಾಸನೆ ಬರುವುದು ನಿಂತಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ ಎರಡು ಮೂರು ಸಲ ಮಾತ್ರೆ ನುಂಗುವ ಕಷ್ಟ ತಪ್ಪಿಸಬೇಕೆಂದು ಹೊರಟ ಯೋಜನೆ ಅದು. ಕಷ್ಟ ಅಂದರೆ ಬರೀ ನುಂಗುವುದಲ್ಲ. ಬೆಳಗಿನದು ಮರೆತೆನೆಂದು ಸಂಜೆ ಎರಡು ನುಂಗುವವರು, ಸಕ್ಕರೆ ಇಳಿದಿದೆ ಎಂದು ತಾವೇ ನಿಲ್ಲಿಸುವವರು, ಪಕ್ಕದ ಮನೆಯವರಿಗೆ ಒಳ್ಳೆಯದಾಯಿತೆಂದು ಅವರ ಮಾತ್ರೆಯನ್ನು ತಂದು ತಿನ್ನುವವರು, ಹೀಗೆ ನೂರು ತರಹ. ಕಾಲಿನ ಹುಣ್ಣು ಮಾಯದೆ ಬೆರಳು ಕಳೆದುಕೊಂಡವರು ಪ್ರತಿ ಬೀದಿಯಲ್ಲೂ ಇದ್ದರು.

ಹದ ಗುಳಿಗೆಯನ್ನು ತಿಂಗಳಿಗೊಮ್ಮೆ ನುಂಗಿದರೆ ಆಯಿತು. ನುಂಗುವಾಗ ಅದು ಮಡಿಸಿಕೊಂಡಿರುತ್ತದೆ. ಹೊಟ್ಟೆಗೆ ಇಳಿದ ಮೇಲೆ ಮೊಗ್ಗು ಬಿರಿದಂತೆ ಎಸಳುಗಳನ್ನು ಬಿಚ್ಚಿಕೊಂಡು ಅಲ್ಲೇ ಕೂರುತ್ತದೆ. ಎಸಳಿನೊಳಗೆ ತಿಂಗಳಿಗಾಗುವ ಔಷಧ. ಮುಂಗೈಗೆ ಹಾಕಿಕೊಂಡ ಬಳೆಯಿಂದ ಸನ್ನೆ ಹೋದಾಗ ಒಂದು ಹೊತ್ತಿನದ್ದು ಮಾತ್ರ ಬಿಡುತ್ತದೆ.

ಸನ್ನೆ ಯಾವಾಗ ಹೋಗಬೇಕು ಎಂಬುದೇ ಕಷ್ಟದ ಪ್ರಶ್ನೆಯಾಗಿತ್ತು. ಒಳಗಿದ್ದ ಔಷಧ ಹೊಟ್ಟೆಯ ಹಿಂದಿನ ಮೇದೋಜೀರಕ ಗ್ರಂಥಿಯನ್ನು ತಟ್ಟಿ ಎಬ್ಬಿಸಿ ಇನ್ಸುಲಿನ್ ಸುರಿಸುವ ಜಾತಿಯದು. ಊಟ ಬಿದ್ದಿದ್ದರೆ ಬಹಳ ಒಳ್ಳೆಯದು. ಬೀಳದಿದ್ದರೂ ಅದು ತನ್ನ ಕೆಲಸ ಬಿಡುವುದಿಲ್ಲ, ರಕ್ತದಲ್ಲಿದ್ದ ಸಕ್ಕರೆಯನ್ನೇ ಇಳಿಸುತ್ತಾ ಹೋಗುತ್ತದೆ. ಮೊದಲು ಬೆವರು, ನಡುಕ. ಆಮೇಲೆ ಮಂಪರು. ಆಮೇಲೆ ಎಚ್ಚರ ತಪ್ಪುವುದು. ವಯಸ್ಸಾದವರಲ್ಲಿ, ಮೂತ್ರಪಿಂಡ ಸೊರಗಿದವರಲ್ಲಿ, ಅಂಥ ಔಷಧ ಮೈಬಿಟ್ಟು ಹೋಗುವುದೂ ತಡ. ಬಳೆಗೆ ಬೆವರಿನಿಂದ ಸಕ್ಕರೆಯನ್ನು ಅಂದಾಜು ಮಾಡುವ ಶಕ್ತಿ ಇತ್ತು. ಆದರೆ ಆ ಅಂದಾಜು ರಕ್ತಕ್ಕಿಂತ ಯಾವಾಗಲೂ ಹಿಂದೆ. ಒಣಗಿದ ಮುದಿಚರ್ಮದ ಮೇಲಂತೂ ಇನ್ನೂ ಹಿಂದೆ. ಆದ್ದರಿಂದ ಊಟದ ಹೊತ್ತಿಗೆ ಬಳೆ ಬಾಯಿಬಿಟ್ಟು ಕೇಳಲಿ, ರೋಗಿ ಹೌದೆಂದರೆ ಔಷಧ ಬಿಡಲಿ, ಇಲ್ಲವೆಂದರೆ ತಡೆದು ಮತ್ತೆ ಕೇಳಲಿ ಎಂದು ಗೊತ್ತುಮಾಡಿದರು.

ಮೊದಲ ಬಳೆ ಕೇಳುತ್ತಿದ್ದದ್ದು ಹೀಗೆ: “ನೀವು ಈಗ ಆಹಾರವನ್ನು ಸೇವಿಸಿದ್ದೀರಾ?” ಜನ ಬಳೆಯ ಮುಖ ನೋಡಿ ಸುಮ್ಮನಾಗುತ್ತಿದ್ದರು. ಪೊಲೀಸಿನವರು ಕೇಳಿದ ಹಾಗಿದೆ ಎಂದು ಒಬ್ಬರು ಅದನ್ನು ಬಿಚ್ಚಿ ಬೆಲ್ಲದ ಡಬ್ಬಿಯಲ್ಲಿಟ್ಟಿದ್ದರು. ಉತ್ತರ ಬಾರದೆ ಔಷಧ ಎಸಳಿನಲ್ಲೇ ಉಳಿಯುತ್ತಿತ್ತು.

ದಾಕ್ಷಾಯಿಣಿ ಆಗ ಕೇಂದ್ರದಲ್ಲಿ ಜನರ ಕರೆಗಳಿಗೆ ಉತ್ತರ ಹೇಳುವ ಕೆಲಸದಲ್ಲಿದ್ದಳು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಪ್ರಭಾಮಣಿ ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು, ಇದನ್ನು ಹೇಗೆ ಕೇಳಿದರೆ ಜನ ಬಾಯಿ ಬಿಡುತ್ತಾರೆ ಎಂದಾಗ, ದಾಕ್ಷಾಯಿಣಿಗೆ ಯೋಚಿಸಬೇಕಾಗಿಯೇ ಬರಲಿಲ್ಲ. ನಾವು ಯಾರನ್ನಾದರೂ ಕಂಡರೆ ಕೇಳುವುದಿಲ್ಲವೇ ಮೇಡಂ, ಊಟ ಆಯ್ತಾ ಅಂತ, ಹಾಗೆ ಕೇಳಲಿ ಅಂದಳು. ಪ್ರಭಾಮಣಿ ಮೇಜು ತಟ್ಟಿದರು. ದನಿಯೂ ನಿನ್ನದೇ ಇರಲಿ ಅಂದರು.

ಹಾಗೆ ಅವಳ ದನಿ ಸಾವಿರಾರು ಮುಂಗೈಗಳಿಗೆ ಹೋಯಿತು. ಕೇಂದ್ರದ ದೊಡ್ಡ ಪರದೆಯ ಮೇಲೆ ಒಂದೊಂದು ಬಳೆಗೂ ಒಂದೊಂದು ಚುಕ್ಕೆ. ಉತ್ತರಕ್ಕೆ ಕಾಯುತ್ತಿದ್ದರೆ ಹಳದಿ, ಇಲ್ಲವೆಂದರೆ ದೊಡ್ಡ ಕೆಂಪು, ಊಟ ಆಗಿದ್ದರೆ ಹಸಿರು. ಮಧ್ಯಾಹ್ನ ಹಳದಿಯೆಲ್ಲ ಹಸಿರಾಗುತ್ತಾ ಬರುವುದನ್ನು ನೋಡಲು ಕೆಲಸದವರು ಟೀ ಹಿಡಿದು ನಿಲ್ಲುತ್ತಿದ್ದರು. ರಾಗಿ ಪೈರಿನ ಮೇಲೆ ಮೋಡದ ನೆರಳು ಸರಿದ ಹಾಗೆ ಕಾಣುತ್ತದೆ ಎಂದು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಇಮ್ತಿಯಾಜ್ ಹೇಳುತ್ತಿದ್ದ. ಅಷ್ಟು ಹಸಿರು ಒಮ್ಮೆಗೇ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಬಂದದ್ದೇ ಸಂತೋಷವಾಗಿತ್ತು.

*

ಅದು ಶ್ರಾವಣದ ಒಂದು ಶನಿವಾರ. ಅರ್ಧ ದಿನದ ಕೆಲಸ, ಮಧ್ಯಾಹ್ನಕ್ಕೆ ಮನೆಗೆ ಬಂದು ಜೊತೆಯಲ್ಲೇ ಉಣ್ಣುತ್ತೇನೆ ಎಂದು ದಾಕ್ಷಾಯಿಣಿ ಹೇಳಿ ಹೋಗಿದ್ದಳು. ಗಂಡ ಮಲ್ಲೇಶಪ್ಪ ಬಸ್ಸಿನ ಡ್ರೈವರು. ಅವನ ಊಟ ಯಾವ ಊರಿನಲ್ಲಿ ಎಂಬುದು ಅವನಿಗೇ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಅತ್ತೆ ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಕಾಯುವುದು ಅವರ ಮನೆಯಲ್ಲಿ ಬೆಳೆದುಬಂದಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಜಗಳವಾಡಿದ ದಿನವೂ ಇಬ್ಬರೂ ಮಾತಿಲ್ಲದೆ ಜೊತೆಯಲ್ಲೇ ಉಂಡವರು.

ಆ ದಿನ ಹೊರಡುವ ಹೊತ್ತಿಗೆ ಕೇಂದ್ರಕ್ಕೆ ಮೇಲಿನ ಅಧಿಕಾರಿಗಳು ಬಂದರು. ಯೋಜನೆಯನ್ನು ಬೇರೆ ಜಿಲ್ಲೆಗಳಿಗೂ ಒಯ್ಯಬಹುದೇ ಎಂದು ನೋಡಲು ಬಂದವರು. ಪರದೆ ಹಸಿರಾಗುವುದನ್ನು ಅವರಿಗೆ ತೋರಿಸಬೇಕು, ನಿನ್ನ ಮಾತಲ್ಲವೇ ಅದು, ನೀನೇ ಹೇಳು ಎಂದು ಪ್ರಭಾಮಣಿ ಅವಳನ್ನು ನಿಲ್ಲಿಸಿಕೊಂಡರು. ಅವಳಿಗೂ ನಿಲ್ಲಬೇಕೆನಿಸಿತ್ತು. ಕೋಲು ಹಿಡಿದು ಒಂದೊಂದು ಬೀದಿ ತೋರಿಸುತ್ತಾ ಬಂದವಳು ತನ್ನ ಬೀದಿಯ ಮೇಲೆ ಕೋಲು ನಿಲ್ಲಿಸಿದಳು. ಅದೇ ಹೊತ್ತಿಗೆ ಅಲ್ಲೊಂದು ಚುಕ್ಕೆ ಹಳದಿಯಿಂದ ಹಸಿರಾಯಿತು. ಇದು ನಮ್ಮತ್ತೆ ಸಾರ್ ಅಂದಳು. ಬಂದವರೆಲ್ಲ ನಕ್ಕು ಚಪ್ಪಾಳೆ ತಟ್ಟಿದರು.

ಅತ್ತೆ ತನ್ನನ್ನು ಬಿಟ್ಟು ಉಂಡರಲ್ಲ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಉಂಡರಲ್ಲ, ಒಳ್ಳೆಯದೇ ಆಯಿತು, ಇನ್ನು ಅವಸರವಿಲ್ಲ ಎಂದೂ ಅನ್ನಿಸಿತು. ಬಂದವರ ಜೊತೆ ಹೋಟೆಲಿನಿಂದ ತರಿಸಿದ ಪಲಾವು ತಿಂದಳು.

ಸಕ್ಕರೆ ತೀರಾ ಇಳಿದಿದೆ ಎಂದು ಬಳೆ ಕೂಗಿಕೊಂಡಾಗ ರುದ್ರಮ್ಮ ಬಿದ್ದು ಆಗಲೇ ಬಹಳ ಹೊತ್ತಾಗಿತ್ತು. ಎದುರುಮನೆಯವರು ಬಾಗಿಲು ಒಡೆದು ಒಳಗೆ ಹೋದಾಗ ಅವರು ಅಡಿಗೆಮನೆಯಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಸೀರೆ ಬೆವರಿಗೆ ಒದ್ದೆಯಾಗಿತ್ತು. ಒಲೆಯ ಪಕ್ಕ ಮುದ್ದೆಯ ಪಾತ್ರೆ ಮುಚ್ಚಿದಂತೆಯೇ ಇತ್ತು, ಎರಡು ತಟ್ಟೆ ತೊಳೆದು ಬೋರಲು ಹಾಕಿತ್ತು. ಎಚ್ಚರವಿಲ್ಲದವರ ಬಾಯಿಗೆ ಏನೂ ಹಾಕಬಾರದೆಂದು ಎದುರುಮನೆಯಾಕೆಗೆ ತಿಳಿದಿದ್ದದ್ದು ಪುಣ್ಯ. ಆಸ್ಪತ್ರೆಯಲ್ಲಿ ರಕ್ತಕ್ಕೆ ಗ್ಲೂಕೋಸ್ ಹಾಕಿ ಎಬ್ಬಿಸಿದರು. ಎದ್ದವರು ಸಂಜೆ ಮತ್ತೆ ಮಂಪರಾದರು, ಔಷಧ ಇನ್ನೂ ಮೈಯಲ್ಲಿತ್ತು. ಹೊಟ್ಟೆಯಲ್ಲಿದ್ದ ಗುಳಿಗೆಯನ್ನು ಕೊಳವೆ ಇಳಿಸಿ ತೆಗೆದರು. ಸಕ್ಕರೆ ಬಹಳ ಹೊತ್ತು ತಳಕ್ಕಿಳಿದಿದ್ದರಿಂದ ಮಿದುಳಿಗೆ ಪೆಟ್ಟಾಗಿದೆ, ಬಲಗೈ ನಿಧಾನವಾಗಿ ಬರಬಹುದು, ನೋಡೋಣ ಅಂದರು.

ಮಂಚದ ಪಕ್ಕ ನಿಂತು ಒಬ್ಬ ವೈದ್ಯರು, ಊಟ ಮಾಡದೆ ಮಾಡಿದೆ ಎಂದು ಬಳೆಗೆ ಉತ್ತರ ಕೊಟ್ಟಿದ್ದಾರಲ್ಲ, ಅಜ್ಜಿಗೆ ಮರೆವು ಇದೆಯಾ ಎಂದು ಕೇಳಿದರು. ರುದ್ರಮ್ಮ ಕಣ್ಣು ತೆರೆದೇ ಮಲಗಿದ್ದರು. ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುವ, ಊರಿನ ಬಾಣಂತಿಯರ ಹೆಸರನ್ನೆಲ್ಲ ನೆನಪಿಟ್ಟುಕೊಂಡಿರುವ ಹೆಂಗಸು.

“ಸ್ವಲ್ಪ ಇದೆ ಸಾರ್,” ಅಂದಳು ದಾಕ್ಷಾಯಿಣಿ.

ಕೇಂದ್ರದ ಕಡತದಲ್ಲಿ ಅದು ‘ರೋಗಿಯ ತಪ್ಪು ಉತ್ತರ, ಮರೆವು’ ಎಂದು ದಾಖಲಾಯಿತು.

*

ಅತ್ತೆ ಮನೆಗೆ ಬಂದ ಮೇಲೆ ಅವಳು ಕೆಲಸಕ್ಕೆ ಮರಳಿದಳು. ತಪ್ಪು ಉತ್ತರವೆಂದು ಬರೆದ ಕಡತಗಳು ರುದ್ರಮ್ಮನದೊಂದೇ ಅಲ್ಲ ಎಂದು ಅವಳಿಗೆ ತಿಳಿದದ್ದು ಆಗ. ಬಿದ್ದವರು, ತಲೆಸುತ್ತಿ ಕೂತವರು, ಬಸ್ಸಿನಲ್ಲಿ ಎಚ್ಚರ ತಪ್ಪಿದವರು ಇನ್ನೂ ಇದ್ದರು. ಯಾರೂ ಉಂಡಿರಲಿಲ್ಲ, ಎಲ್ಲರೂ ಆಯ್ತು ಅಂದಿದ್ದರು.

ಅವರ ದನಿಯನ್ನು ಕೇಳಬಹುದೇ ಎಂದು ಇಮ್ತಿಯಾಜನನ್ನು ಕೇಳಿದಳು. ಬಳೆಗೆ ಮೊದಲ ಪದವೇ ಸಾಕು ಅಕ್ಕ, ಆಯ್ತು ಅಂತ ಕೇಳಿದ ಕೂಡಲೇ ಸನ್ನೆ ಕಳಿಸಿಬಿಡುತ್ತೆ, ಆಮೇಲೆ ಆಡಿದ್ದನ್ನು ಹೆಚ್ಚಿನ ಮಾತು ಅಂತ ಬೇರೆ ಕಡೆ ಎಸೆಯುತ್ತೆ ಎಂದ ಅವನು. ಎಸೆದದ್ದು ಎಲ್ಲಿದೆಯೋ ಹುಡುಕಿ ಕೊಟ್ಟ. ಅವಳು ಕಿವಿಗೆ ಹಾಕಿಕೊಂಡು ಕೂತಳು.

ಆಯ್ತು, ನಿಮ್ದು? ಅಂದಿದ್ದರು ಒಬ್ಬರು. ಆಯ್ತು ತಾಯಿ, ಬನ್ನಿ ಕೂತ್ಕಳಿ ಅಂದಿದ್ದರು ಇನ್ನೊಬ್ಬರು. ಆಯ್ತು ಬಿಡಮ್ಮ, ಅದಕ್ಕೇನು ಅಂದಿತ್ತು ಒಂದು ಗಂಡಸಿನ ದನಿ, ಅದರ ಹಿಂದೆ ಯಾರೋ ಅಳುತ್ತಿದ್ದರು. ಸಾವಾದ ಮನೆ, ಒಲೆ ಹಚ್ಚಿರಲಿಲ್ಲ. ಒಬ್ಬರೂ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಮನೆಗೆ ಬಂದವರನ್ನು ಮಾತಾಡಿಸುವ ಹಾಗೆ ಮಾತಾಡಿಸಿದ್ದರು. ಊಟ ಆಯ್ತಾ ಎಂದವರಿಗೆ ಇಲ್ಲ ಎಂದರೆ ಊಟ ಹಾಕಿ ಎಂದು ಕೇಳಿದ ಹಾಗೆ. ಯಾರು ಹೇಳುತ್ತಾರೆ ಹಾಗೆ? ತಾನಾದರೂ ಯಾವತ್ತಾದರೂ ಹೇಳಿದ್ದೇನೆಯೇ ಎಂದು ದಾಕ್ಷಾಯಿಣಿ ಯೋಚಿಸಿದಳು. ಹಸಿದು ಹೊಟ್ಟೆ ಚುರುಗುಟ್ಟುವಾಗಲೂ ಆಯ್ತು ಎಂದೇ ಅಂದಿದ್ದಳು, ಹುಟ್ಟಿದಾರಭ್ಯ.

ರುದ್ರಮ್ಮನದು ಕೊನೆಗೆ ಬಂತು. “ಆಯ್ತು ಕಣೇ. ನೀನು ತಿಂದ್ಕೋ, ನನಗೆ ಕಾಯ್ಬೇಡ.”

ಇಮ್ತಿಯಾಜ್ ತನ್ನ ತಾಯಿಯ ವಿಷಯ ಹೇಳಿದ. ರಂಜಾನಿನ ಉಪವಾಸದಲ್ಲೂ ಬಳೆ ಕೇಳಿದರೆ ಪಾಪ ಯಾಕೆ ಬೇಜಾರು ಮಾಡುವುದು ಎಂದು ಆಯ್ತು ಅನ್ನುತ್ತಿದ್ದರಂತೆ. ಗೊತ್ತಾದ ದಿನವೇ ವೈದ್ಯರಿಗೆ ತೋರಿಸಿ ಔಷಧ ಬದಲಾಯಿಸಿದ್ದನಂತೆ. ಮತ್ತೆ ಇಲ್ಲಿ ಯಾಕೆ ಹೇಳಲಿಲ್ಲವೋ ಎಂದು ಅವಳು ಕೇಳಿದಳು. ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅನ್ನಿಸಿತು ಎಂದು ಅವನು ತಲೆ ತಗ್ಗಿಸಿದ. ಅದೂ ಅಂಥದೇ ಮರ್ಯಾದೆ.

ಪ್ರಭಾಮಣಿ ಕೆಟ್ಟವರಲ್ಲ. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಗುಳಿಗೆ ಬಂದಮೇಲೆ ಕಾಲು ಕತ್ತರಿಸುವುದು ಎಷ್ಟು ಕಡಿಮೆಯಾಗಿದೆ, ಕಣ್ಣು ಉಳಿದವರು ಎಷ್ಟು ಜನ ಎಂದು ತೋರಿಸಿದರು. ಅದೂ ಸುಳ್ಳಲ್ಲ. ನಿಜ ಹೇಳಿ ಎಂದು ಜನರಿಗೆ ತಿಳಿವಳಿಕೆ ಕೊಡೋಣ, ಒಂದು ಕರಪತ್ರ ಹಂಚೋಣ ಅಂದರು. ನಿಮ್ಮ ಮನೆಯ ದುಃಖ ನನಗೆ ಅರ್ಥವಾಗುತ್ತದೆ ದಾಕ್ಷಾಯಿಣಿ, ಆದರೆ ಒಂದು ಮಾತಿಗೋಸ್ಕರ ಇಷ್ಟನ್ನು ನಿಲ್ಲಿಸಲಾಗುತ್ತದೆಯೇ ಎಂದು ಕೇಳಿದರು. ಆ ಪ್ರಶ್ನೆಯಿಂದ ದಾಕ್ಷಾಯಿಣಿಗೆ ಒಳಗೊಳಗೇ ಹಗುರವಾದದ್ದು ನಿಜ. ಕೇಳಿದ್ದಾಯಿತು, ಹೇಳಿದ್ದಾಯಿತು, ಇನ್ನು ತನ್ನ ಮೇಲಿಲ್ಲ ಎಂದು ಮನೆಗೆ ಬಂದಳು. ದೀಪಾವಳಿ ಕಳೆದ ಮೇಲೆ ಕಾಗದವನ್ನೂ ಬರೆದಳು, ಬರೆದು ಚೀಲದಲ್ಲಿಟ್ಟುಕೊಂಡು ಓಡಾಡಿದಳು. ಕಂಪ್ಯೂಟರಿನಲ್ಲಿ ಕಳಿಸಿದ ದೂರು ಮೊದಲು ಕೇಂದ್ರಕ್ಕೇ ಬಂದು ಅಲ್ಲೇ ಇತ್ಯರ್ಥವಾಗುತ್ತಿತ್ತು, ಕಾಗದದಲ್ಲಿ ಕಳಿಸಿದ್ದು ಮಾತ್ರ ನೇರವಾಗಿ ಮಂಡಳಿಗೆ ಹೋಗುತ್ತಿತ್ತು.

ಗುಳಿಗೆ ಸಂಕ್ರಾಂತಿಯಾದ ಮೇಲೆ ಇನ್ನಷ್ಟು ಜಿಲ್ಲೆಗಳಿಗೆ ಹೋಗುವುದೆಂದು ಹಬ್ಬಕ್ಕೆ ಮೊದಲೇ ಆದೇಶ ಬಂತು. ಅವರೆಕಾಳು ನೆನೆಹಾಕಿದ ಆ ವಾರದಲ್ಲೇ ಅವಳನ್ನು ದನಿ ಮುದ್ರಿಸುವ ಕೋಣೆಗೆ ಕರೆದರು. ಧಾರವಾಡದ ಕಡೆಯವರಿಗೆ ಅವರ ಮಾತಿನಲ್ಲೇ ಕೇಳಬೇಕು, ಎಲ್ಲಕ್ಕೂ ದನಿ ಒಂದೇ ಇರಲಿ ಎಂದು ಪ್ರಭಾಮಣಿಯವರ ಆಸೆ. ಮುಂದಿದ್ದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ‘ಊಟಾ ಆತೇನ್ರೀ?’

ಕೆಂಪು ದೀಪ ಹತ್ತಿತು. ದಾಕ್ಷಾಯಿಣಿ ಬಾಯಿ ತೆರೆದಳು. ಎಲ್ಲೋ ಯಾರೋ ಒಬ್ಬ ಮುದುಕಿ, ಮಗನ ದಾರಿ ಕಾಯುತ್ತಲೋ, ಸೊಸೆಗೆ ಮುಜುಗರವಾಗದಿರಲೆಂದೋ, ಆತ್ರೀ ಅನ್ನುವುದು ಅವಳ ಕಿವಿಗೆ ಕೇಳಿದ ಹಾಗಾಯಿತು. ದನಿ ಹೊರಡಲಿಲ್ಲ. ನೀರು ಕೊಟ್ಟರು, ಕುಡಿದಳು. ಮತ್ತೆ ದೀಪ ಹತ್ತಿತು, ಮತ್ತೆ ಹೊರಡಲಿಲ್ಲ. ಶೀತ ಆಗಿರಬೇಕು, ನಾಳೆ ಮಾಡಿ ಎಂದು ಗಾಜಿನ ಆಚೆಯಿಂದ ಇಮ್ತಿಯಾಜ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವಳನ್ನು ಅವನು ನೋಡಲಿಲ್ಲ.

*

ಮನೆಗೆ ಬಂದಾಗ ರುದ್ರಮ್ಮ ಹಿತುಕಿದ ಬೇಳೆಯನ್ನು ಮತ್ತೆ ಆರಿಸುತ್ತಾ ಕೂತಿದ್ದರು. ಈಗ ಅವರಿಗೆ ಬೇರೆ ಜಾತಿಯ ಮಾತ್ರೆ, ಊಟದ ಜೊತೆ ಕೈಯಿಂದಲೇ ನುಂಗುವುದು. ದಾಕ್ಷಾಯಿಣಿ ತಟ್ಟೆ ಹಾಕಿ, ಮುದ್ದೆ ಇಟ್ಟು, ಅವರು ಎರಡು ತುತ್ತು ತಿಂದಮೇಲೆ ಮಾತ್ರೆ ಕೊಟ್ಟಳು. ತಾನೂ ಕೂತಳು.

ತಟ್ಟೆ ಪಕ್ಕಕ್ಕಿಟ್ಟು ಎಲ್ಲವನ್ನೂ ಹೇಳಿದಳು. ಆ ಮಾತನ್ನು ಬಳೆಗೆ ಕೊಟ್ಟವಳು ತಾನು ಎಂದಳು. ಅಧಿಕಾರಿಗಳ ಮುಂದೆ ಕೋಲು ಹಿಡಿದು ನಿಂತದ್ದನ್ನೂ, ಹಸಿರು ಚುಕ್ಕೆಯನ್ನೂ, ಚಪ್ಪಾಳೆಯನ್ನೂ ಹೇಳಿದಳು. ಪಲಾವು ತಿಂದದ್ದನ್ನು ಹೇಳುವಾಗ ದನಿ ಒಡೆಯಿತು. ಕಡತದಲ್ಲಿ ತಪ್ಪು ಉತ್ತರವೆಂದು ಬರೆದದ್ದನ್ನೂ, ಕಾಗದ ಬರೆದು ಇಟ್ಟುಕೊಂಡದ್ದನ್ನೂ ಹೇಳಿದಳು.

ರುದ್ರಮ್ಮ ಉಣ್ಣುವುದನ್ನು ನಿಲ್ಲಿಸಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದರು. ಸೊಸೆ ಸುಮ್ಮನಾದ ಮೇಲೆ ಹೇಳಿದರು.

“ನಿನ್ನ ದನಿ ಅಂತ ನಂಗೆ ಗೊತ್ತಿರ್ಲಿಲ್ವೇನೇ? ಬೀದಿಗೆಲ್ಲ ಹೇಳ್ಕಂಡು ಬಂದಿದ್ದೆ, ಬಳೇಲಿ ಮಾತಾಡೋಳು ನನ್ನ ಸೊಸೆ ಅಂತ. ನೀನೇ ಕೇಳ್ದಂಗಿರೋದು. ಇಲ್ಲ ಅಂದ್ರೆ ನೀನು ಕೆಲಸ ಬಿಟ್ಟು ಓಡಿ ಬರ್ತಿದ್ದೆ.” ಚಮಚದಲ್ಲಿ ಇನ್ನೊಂದು ಚೂರು ಮುದ್ದೆ ಮುರಿದರು. “ಇಲ್ಲ ಅಂದಿದ್ದು ಅಲ್ಲಿ ದೊಡ್ಡದಾಗಿ ಕಾಣುತ್ತೆ ಅಂತ ನೀನೇ ಹೇಳಿದ್ದೆ. ಸೊಸೆ ಆಫೀಸಲ್ಲೇ ಅತ್ತೆ ಉಪವಾಸ ಅಂತ ಕಂಡ್ರೆ ಏನು ಚೆಂದ?”

“ನಿಮ್ಮ ತಪ್ಪೇನೂ ಇಲ್ಲ ಅತ್ತೆ.”

“ಮತ್ತೆ ತಪ್ಪು ಉತ್ತರ ಅಂತ ಬರ್ಕಂಡವ್ರೆ ಅಂದ್ಯಲ್ಲ.”

ದಾಕ್ಷಾಯಿಣಿ ಹೌದೆಂದಳು. ಜೊತೆಗೆ ಮರೆವು ಎಂದೂ ಬರೆದಿದ್ದಾರೆ ಎಂದಳು. ಅಷ್ಟೊತ್ತು ಸಾಮಾನ್ಯವಾಗಿದ್ದ ರುದ್ರಮ್ಮನ ಮುಖ ಆಗ ಬದಲಾಯಿತು. ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟರು.

“ಅವತ್ತು ಡಾಕ್ಟ್ರು ಕೇಳಿದ್ರಲ್ಲ, ನೀನು ಸ್ವಲ್ಪ ಇದೆ ಅಂದೆ. ನಾನು ಕೇಳಿಸ್ಕಂಡೆ. ನೀ ಬಂದ್ಮೇಲೆ ಉಣ್ಣೋಣ ಅಂತ ನಾ ಉಂಡಿರ್ಲಿಲ್ಲ, ಬೇಕಂತ್ಲೇ ಆಯ್ತು ಅಂದೆ, ಅದು ನಂಗೆ ನೆಪ್ಪಿತ್ತು. ಆದ್ರೆ ಓದ್ದೋಳು ನೀನು, ನನ್ನ ಜೊತೇಲೇ ಇರೋಳು. ನೀನೇ ಇದೆ ಅಂದ್ಮೇಲೆ ಇರಬೋದು, ನಂಗೇ ತಿಳೀತಿಲ್ಲ ಅಂದ್ಕಂಡೆ.” ಅವರ ದನಿ ಏರಲಿಲ್ಲ. “ಅವತ್ತಿಂದ ನನ್ನ ತಲೆ ನಾನೇ ನಂಬಿಲ್ಲ ಕಣೇ. ಗ್ಯಾಸು ಆರಿಸಿದ್ನಾ, ಬಾಗ್ಲು ಹಾಕಿದ್ನಾ. ಮಲ್ಲೇಶನ ಹೆಸ್ರು ಮರ್ತೋಗುತ್ತಾ ಅಂತ ಬೆಳಗಾಗೆದ್ದು ಮನ್ಸಲ್ಲೇ ಹೇಳ್ಕಂತೀನಿ. ಕೈ ಹೋಗಿದ್ದು ಹೋಗ್ಲಿ. ಇದನ್ಯಾಕೆ ಕಿತ್ಕಂಡೆ?”

ತನ್ನ ಮಾತು ಉಳಿಯಲಿ ಎಂದು ದಾಕ್ಷಾಯಿಣಿ ಅತ್ತೆಯ ಬುದ್ಧಿಯನ್ನು ಬಲಿಕೊಟ್ಟಿದ್ದಳು, ಅಷ್ಟೇ. ಅದನ್ನು ಬೇರೆ ಯಾವ ರೀತಿಯಲ್ಲಿ ಹೇಳಿದರೂ ಅದು ಅದೇ. ಅತ್ತೆಯ ಕಾಲು ಹಿಡಿಯಲು ಬಗ್ಗಿದಳು. ರುದ್ರಮ್ಮ ಕಾಲನ್ನು ಹಿಂದಕ್ಕೆಳೆದುಕೊಂಡರು.

“ಕಾಲು ಬೇಡ. ಆ ಕಾಗದ ತಗೊಂಬಾ. ಏನು ಬರ್ದಿದ್ದೀಯ, ಓದು.”

ಓದಿದಳು. ಓದುತ್ತಾ ಹೋದಂತೆ ಅವಳಿಗೇ ಕೇಳಿಸಿತು, ಕಾಗದದಲ್ಲಿ ಎಲ್ಲ ಕಡೆಯೂ ‘ಪ್ರಶ್ನೆಯನ್ನು ರೂಪಿಸಲಾಯಿತು’, ‘ತಪ್ಪಾಗಿ ದಾಖಲಿಸಲಾಯಿತು’, ‘ಎಂದು ತಿಳಿಯಲಾಯಿತು’ ಎಂದೇ ಇತ್ತು. ಮಾಡಿದವರು ಯಾರೂ ಇರಲಿಲ್ಲ. ರುದ್ರಮ್ಮ ಕೇಳಿ ಮುಗಿಸಿ, ಇದರಲ್ಲಿ ನೀನೂ ಇಲ್ಲ ನಾನೂ ಇಲ್ಲ, ಇದನ್ನು ಯಾರು ನಂಬುತ್ತಾರೆ ಎಂದರು.

ಆ ಮಧ್ಯಾಹ್ನವೇ ಅವಳು ಹೊಸದಾಗಿ ಬರೆದಳು. ಈ ಪ್ರಶ್ನೆಯನ್ನು ಕೊಟ್ಟವಳು ನಾನು ಎಂದು ಮೊದಲ ಸಾಲು. ಊಟ ಆಯ್ತಾ ಎಂಬುದು ನಮ್ಮಲ್ಲಿ ಪ್ರಶ್ನೆಯಲ್ಲ, ಮಾತಾಡಿಸುವ ಬಗೆ; ಅದಕ್ಕೆ ಬರುವ ಆಯ್ತು ಎಂಬುದನ್ನು ನಂಬಿ ಯಾರ ಹೊಟ್ಟೆಗೂ ಔಷಧ ಬಿಡಬೇಡಿ ಎಂದು ಬರೆದಳು. ಬಾಯಿಮಾತೊಂದನ್ನೇ ನೆಚ್ಚಬೇಡಿ, ಹೊಟ್ಟೆಯಲ್ಲಿ ಊಟವಿರುವುದು ಗುಳಿಗೆಗೇ ತಿಳಿಯುವವರೆಗೆ ವಯಸ್ಸಾದವರಿಗೂ ಮೂತ್ರಪಿಂಡ ಸೊರಗಿದವರಿಗೂ ಇದನ್ನು ಕೊಡಬೇಡಿ ಎಂದಳು. ಏನು ಉಂಡಿರಿ ಎಂದು ಕೇಳಿದರೆ ಆದೀತೇ ಎಂದು ನಡುವೆ ಅತ್ತೆಯನ್ನು ಕೇಳಿದಳು. ಅದಕ್ಕೂ ಸುಳ್ಳು ಹೇಳಬಹುದು ಬಿಡು, ಮುದ್ದೆ ಸಾರು ಅಂದರೆ ಆಯಿತು ಎಂದರು ರುದ್ರಮ್ಮ. ಅದನ್ನೂ ಬರೆದಳು. ಬಿದ್ದವರ ಕಡತಗಳಿಂದ ‘ತಪ್ಪು ಉತ್ತರ’ ಎಂಬುದನ್ನು ತೆಗೆಯಿರಿ ಎಂದಳು. ಕೊನೆಗೆ ಬರೆದಳು: ನಮ್ಮ ಅತ್ತೆಗೆ ಮರೆವು ಇಲ್ಲ. ಇದೆ ಎಂದು ನಾನು ಸುಳ್ಳು ಹೇಳಿದೆ.

ಒಪ್ಪಿಗೆಯ ಹಾಳೆಗೆ ರುದ್ರಮ್ಮ ಎಡಗೈ ಹೆಬ್ಬೆಟ್ಟು ಒತ್ತಿದರು. ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಕೆಲಸ ಹೋಗುತ್ತೇನೋ ಎಂದು ಕೇಳಿದರು. ಹೋಗಬಹುದು ಎಂದಳು ದಾಕ್ಷಾಯಿಣಿ. ಹೂಂ ಎಂದರು ಅವರು. ಕ್ಷಮಿಸಿದೆ ಎಂದು ಹೇಳಲಿಲ್ಲ. ದಾಕ್ಷಾಯಿಣಿ ಕೇಳಲೂ ಇಲ್ಲ.

*

ಮಾರನೆಯ ದಿನ ಅಂಚೆ ಕಚೇರಿಗೆ ತಾನೂ ಬರುತ್ತೇನೆಂದು ರುದ್ರಮ್ಮ ಹಟ ಹಿಡಿದರು. ನೀನೊಬ್ಬಳೇ ಹೋದರೆ ಮತ್ತೆ ಚೀಲದಲ್ಲೇ ವಾಪಸು ತರುತ್ತೀಯ ಎಂಬುದು ಅವರ ಮಾತು. ದಾರಿಯಲ್ಲಿ ಆಟೋ ಕೆಟ್ಟು ತಡವಾಯಿತು. ರಿಜಿಸ್ಟರ್ ಅಂಚೆಯ ಕಿಟಕಿಯ ಮುಂದೆ ಹಬ್ಬದ ಮುಂಚಿನ ಸಾಲು ಹನುಮಂತನ ಬಾಲದ ಹಾಗೆ ಬೆಳೆದಿತ್ತು. ರುದ್ರಮ್ಮ ಸೊಸೆಯ ತೋಳು ಹಿಡಿದು ಸಾಲಿನಲ್ಲೇ ನಿಂತರು, ಬೆಂಚಿಗೆ ಹೋಗಲಿಲ್ಲ.

ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿ ಗುರುತು ಹಿಡಿದಳು. ಅವಳ ಮುಂಗೈಯಲ್ಲಿ ಹದದ ಬಳೆ ಇತ್ತು. ಏನಮ್ಮ ಅಜ್ಜಿ, ಚೆನ್ನಾಗಿದ್ದೀರಾ, ಊಟ ಆಯ್ತಾ ಎಂದು ಬಾಯ್ತುಂಬ ಕೇಳಿದಳು.

ದಾಕ್ಷಾಯಿಣಿಯ ತೋಳಿನ ಮೇಲೆ ಹಿಡಿತ ಬಿಗಿಯಾಯಿತು. ರುದ್ರಮ್ಮ ಆ ಹೆಂಗಸನ್ನು ನೋಡಿದರು, ಅವಳ ಬಳೆಯನ್ನು ನೋಡಿದರು.

“ಇಲ್ಲ ಕಣವ್ವ,” ಅಂದರು, ಸಾಲಿಗೆಲ್ಲ ಕೇಳುವ ಹಾಗೆ. “ಹಸಿವಾಗೈತೆ. ಕೈ ನಡುಗ್ತೈತೆ. ನಮ್ಮನ್ನ ಮುಂದಕ್ಕೆ ಬಿಡು.”

ಆ ಹೆಂಗಸು ಪಕ್ಕಕ್ಕೆ ಸರಿದಳು. ಅವಳ ಮುಂದಿನವರೂ ಸರಿದರು. ಯಾರೋ ಜೇಬಿನಿಂದ ಪೆಪ್ಪರಮೆಂಟು ತೆಗೆದು ಕೊಟ್ಟರು, ಇನ್ನೊಬ್ಬರು ಬಾಳೆಹಣ್ಣು ಕೊಟ್ಟರು. ರುದ್ರಮ್ಮ ಪೆಪ್ಪರಮೆಂಟನ್ನು ಬಾಯಿಗೆ ಹಾಕಿ ಕಡಿದರು, ನಾಚಿಕೆಯಿಂದ ಅವರ ಕಿವಿ ಕೆಂಪಾಗಿತ್ತು.

ಕಿಟಕಿಯ ಹಿಂದಿನ ಗುಮಾಸ್ತ ಲಕೋಟೆಯನ್ನು ತೂಗಿ, ಕಳಿಸುವವರ ಹೆಸರು ಬರೆದಿಲ್ಲವಲ್ಲ ಎಂದು ವಾಪಸು ತಳ್ಳಿದ. ದಾಕ್ಷಾಯಿಣಿ ಅಲ್ಲೇ ಕಟ್ಟಿದ್ದ ಪೆನ್ನು ಎಳೆದುಕೊಂಡು ತನ್ನ ಹೆಸರು ಬರೆದಳು, ಅದರ ಕೆಳಗೆ ಅತ್ತೆಯ ಹೆಸರು ಬರೆದಳು. ಗುಮಾಸ್ತ ಮುದ್ರೆ ಒತ್ತಿ, ನೋಡದೆಯೇ ಹಿಂದಕ್ಕೆ ಎಸೆದ. ಲಕೋಟೆ ಬಾಯಿ ತೆರೆದಿದ್ದ ಚೀಲದೊಳಗೆ ಬೇರೆ ಕಾಗದಗಳ ಮೇಲೆ ಬಿತ್ತು.